ಭರ್ತಿ ನಿಂತ ಮೇಲೆ

ಸೈನ್ಯದ ಭರ್ತಿ ಮತ್ತೆ ತೆರೆಯುತ್ತದೆ ಎಂದು ಚನಬಸಪ್ಪ ಹೇಳತೊಡಗಿ ಹದಿನೈದು ತಿಂಗಳಾಗಿತ್ತು. ಮೊದಲ ನಾಲ್ಕು ತಿಂಗಳು ಆ ಮಾತನ್ನು ಅವನೂ ನಂಬಿದ್ದ. ಆಮೇಲಿನ ಹನ್ನೊಂದು ತಿಂಗಳು ಅದು ಸುಳ್ಳೆಂದು ಗೊತ್ತಿದ್ದೇ ಹೇಳಿದ್ದ.

ಅವನು ಮುಂಡಗೋಡ ತಾಲೂಕಿನ ಚಿಗಳ್ಳಿಯವನು. ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯ ಸೇರಿ, ಗಾಯಾಳುಗಳ ಆರೈಕೆ ಕಲಿತು, ನೌಕರಿಯ ಕೊನೆಯ ಒಂಬತ್ತು ವರ್ಷ ಒಂದು ಗೂರ್ಖಾ ಪಲ್ಟನ್ನಿನಲ್ಲಿ ಕಳೆದಿದ್ದ. ಆ ಪಲ್ಟನ್ನಿನಲ್ಲಿ ಗಾಯ ಕಟ್ಟುವವನನ್ನೂ ಜವಾನರು ಡಾಕ್ಟರ್ ಸಾಬ್ ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮೇಲೆ ದಾಂಡೇಲಿಯ ಬಂಗೂರನಗರದಲ್ಲಿ ಮನೆ ಮಾಡಿ, ಕೆಲವು ವರ್ಷ ಸೆಕ್ಯುರಿಟಿ ಸುಪರ್‌ವೈಜರ್ ಆಗಿದ್ದು, ಅರವತ್ತು ತುಂಬಿದಾಗ ಅದನ್ನೂ ಬಿಟ್ಟಿದ್ದ. ಈಗ ಅವನಿಗಿದ್ದದ್ದು ಒಂದೇ ಕೆಲಸ. ದಿನಾ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋಗಿ, ಸೈನ್ಯ ಸೇರಬೇಕೆನ್ನುವ ಹತ್ತು ಹನ್ನೆರಡು ಹುಡುಗರನ್ನು ಓಡಿಸುವುದು.

ಆ ಹುಡುಗರಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಸುಜನ್ ಪುನ್. ಟೇಕಬಹಾದೂರನ ಮಗ.

ಟೇಕಬಹಾದೂರ ಪಶ್ಚಿಮ ನೇಪಾಳದವನು, ಅದೇ ಪಲ್ಟನ್ನಿನ ಹವಾಲ್ದಾರ. ಚನಬಸಪ್ಪನಿಗಿಂತ ಎರಡು ವರ್ಷ ದೊಡ್ಡವನು. ಅದಕ್ಕೇ ಚನಬಸಪ್ಪ ಅವನನ್ನು ದಾಜು, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ. ನಿವೃತ್ತಿಯಾಗಿ ಊರಿಗೆ ಹೋದವನು ಅಲ್ಲಿ ಕೆಲಸ ಸಿಗದೆ ಒದ್ದಾಡುತ್ತಿದ್ದಾಗ, ಚನಬಸಪ್ಪನೇ ದಾಂಡೇಲಿಗೆ ಕರೆಸಿ, ಹೊಳೆಯ ದಂಡೆಯ ಒಂದು ರಿಸಾರ್ಟಿನ ಗೇಟಿನಲ್ಲಿ ನೌಕರಿ ಕೊಡಿಸಿದ್ದ. ಹೆಂಡತಿ ಮನಮಾಯಾ, ನಾಲ್ಕು ವರ್ಷದ ಸುಜನ್, ಎರಡು ಟ್ರಂಕು. ಹದಿನಾರು ವರ್ಷದಲ್ಲಿ ಆ ಕುಟುಂಬ ಕನ್ನಡ ಕಲಿತಿತ್ತು, ರೊಟ್ಟಿ ಬಡಿಯುವುದು ಕಲಿತಿತ್ತು. ರವಿವಾರ ಸಂಜೆ ಟೇಕಬಹಾದೂರ ಚನಬಸಪ್ಪನ ಕಟ್ಟೆಗೆ ಬಂದು ಚಹಾ ಕುಡಿಯುವುದು ಒಂದು ವಾರವೂ ತಪ್ಪಿರಲಿಲ್ಲ. ಚನಬಸಪ್ಪನ ಹೆಂಡತಿ ಈರಕ್ಕ ಲೋಟ ಇಡುವಾಗ ಲೆಕ್ಕ ಹಾಕದೆ ಮೂರು ಇಡುತ್ತಿದ್ದಳು.

ಸುಜನ್‌ನನ್ನು ಪಲ್ಟನ್ನಿಗೆ ಸೇರಿಸುವುದು ಇಬ್ಬರ ಆಸೆಯೂ ಆಗಿತ್ತು. ನೇಪಾಳದ ಹುಡುಗರನ್ನು ಭಾರತದ ಸೈನ್ಯಕ್ಕೆ ತೆಗೆದುಕೊಳ್ಳುವುದು ಎರಡು ದೇಶಗಳ ನಡುವಿನ ಹಳೆಯ ಮಾತು. ಅಜ್ಜ, ಅಪ್ಪ, ಮಗ ಎಂದು ಒಂದೇ ಪಲ್ಟನ್ನಿಗೆ ಬರುವ ಮನೆತನಗಳಿದ್ದವು. ಟೇಕಬಹಾದೂರನ ಅಪ್ಪನೂ ಅಲ್ಲಿಯೇ ಇದ್ದವನು. ಆದರೆ ಸುಜನ್‌ಗೆ ವಯಸ್ಸು ತುಂಬಿದ ಹೊತ್ತಿಗೆ ಭಾರತ ನಾಲ್ಕೇ ವರ್ಷದ ಹೊಸ ಭರ್ತಿ ತಂದಿತು. ಒಪ್ಪಂದದಲ್ಲಿ ಹೀಗಿರಲಿಲ್ಲ, ನಾಲ್ಕು ವರ್ಷಕ್ಕೆ ಬಂದೂಕು ಕಲಿತು ಬರಿಗೈಲಿ ಮರಳುವ ಹುಡುಗರನ್ನು ಏನು ಮಾಡೋಣ ಎಂದು ನೇಪಾಳ ತನ್ನ ಕಡೆಯ ಭರ್ತಿಯನ್ನು ತಡೆಯಿತು. ದಿಲ್ಲಿ ತನ್ನ ನಿಯಮ ಬದಲಿಸಲಿಲ್ಲ, ಕಾಠಮಾಂಡು ತನ್ನ ಬಾಗಿಲು ತೆರೆಯಲಿಲ್ಲ.

ಸುಜನ್‌ನ ಜೊತೆಗೇ ಓಡುತ್ತಿದ್ದ ಈರೇಶ, ಚನಬಸಪ್ಪನ ಅಣ್ಣನ ಮಗ, ಅದೇ ವರ್ಷ ಹೊಸ ಭರ್ತಿಯಲ್ಲಿ ಆಯ್ಕೆಯಾಗಿ ಹೋದ. ಸುಜನ್ ಅವನನ್ನು ಬಸ್ಸು ಹತ್ತಿಸಿ ಬಂದು, ಮರುದಿನ ಬೆಳಿಗ್ಗೆ ಮತ್ತೆ ಮೈದಾನದಲ್ಲಿ ನಿಂತ.

"ಕಾಕಾ, ನಮ್ದು?" ಎಂದಷ್ಟೇ ಕೇಳಿದ.

"ತೆರೀತೈತಿ. ಸರಕಾರದ ಕೆಲಸ, ತಡಾ ಆಗ್ತೈತಿ. ನೀ ಓಡೂದು ಬಿಡಬ್ಯಾಡ."

ಆ ಡಿಸೆಂಬರಿನಲ್ಲಿ ಪಲ್ಟನ್ನಿನ ಹಳೆಯ ಕರ್ನಲ್ ಸಾಹೇಬರು ಫೋನು ಮಾಡಿದ್ದರು. ಉಭಯ ಕುಶಲೋಪರಿ ಮುಗಿದ ಮೇಲೆ ಚನಬಸಪ್ಪ ಭರ್ತಿಯ ಮಾತೆತ್ತಿದ. ಸಾಹೇಬರು, ಇದು ಸದ್ಯಕ್ಕೆ ಆಗುವ ಮಾತಲ್ಲ, ಎರಡೂ ಕಡೆ ಯಾರಿಗೂ ಅವಸರವಿಲ್ಲ, ನಿನ್ನ ಹತ್ತಿರ ನೇಪಾಳದ ಹುಡುಗರಿದ್ದರೆ ಬೇರೆ ದಾರಿ ನೋಡಿಕೊಳ್ಳಲು ಹೇಳು ಎಂದರು. ಚನಬಸಪ್ಪ ಹೇಳಲಿಲ್ಲ. ಇವತ್ತು ಬೇಡ, ಸಂಕ್ರಾಂತಿ ಮುಗಿಯಲಿ ಎಂದುಕೊಂಡ. ಸಂಕ್ರಾಂತಿ ಮುಗಿಯಿತು, ಯುಗಾದಿಯೂ ಮುಗಿಯಿತು. ಹೇಳಿದರೆ ಟೇಕಬಹಾದೂರ ಗಂಟುಮೂಟೆ ಕಟ್ಟಿ ಊರಿಗೆ ಹೋದಾನು ಎಂಬ ಅಂಜಿಕೆ ಒಳಗೆ ಇತ್ತು. ಅದನ್ನು ಅವನು ಈರಕ್ಕನ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಸುಜನ್ ಹೊಟ್ಟೆಪಾಡಿಗೆ ಕಾಳಿ ನದಿಯಲ್ಲಿ ಪ್ರವಾಸಿಗರ ರಾಫ್ಟ್ ನಡೆಸುತ್ತಿದ್ದ. ಬರುವ ಜನವರಿಗೆ ಅವನಿಗೆ ಇಪ್ಪತ್ತೊಂದು ತುಂಬುತ್ತಿತ್ತು. ಆಮೇಲೆ ಭರ್ತಿ ತೆರೆದರೂ ಅವನಿಗಿಲ್ಲ.

ಊರಿನ ಗಾಳಿಯೂ ಬದಲಾಗಿತ್ತು. ಒಂದು ದಿನ ಚಹಾದಂಗಡಿಯಲ್ಲಿ, ಮಿಲ್ಲಿನಿಂದ ನಿವೃತ್ತನಾದ ಶಿವಲಿಂಗಪ್ಪ ಪೇಪರು ಮಡಿಸುತ್ತ ಟೇಕಬಹಾದೂರನ ಕಡೆ ತಿರುಗಿ, "ಏನ್ರಿ ಬಹಾದೂರ, ನಿಮ್ಮೋರು ಚೀನಾದ ಕಡೆ ಹೊಂಟಾರಂತಲ್ಲ? ಇಷ್ಟ ದಿನ ನಮ್ಮ ಅನ್ನ ಉಂಡು," ಎಂದ. ಕೆಟ್ಟ ಮನುಷ್ಯನೇನಲ್ಲ, ಟಿವಿಯಲ್ಲಿ ಕೇಳಿದ್ದನ್ನು ಹೇಳಿದ್ದ. ಟೇಕಬಹಾದೂರ ಲೋಟ ಕೆಳಗಿಟ್ಟು ಎದ್ದು ಹೋದ. ಅಲ್ಲಿಯೇ ಕುಳಿತಿದ್ದ ಚನಬಸಪ್ಪ ಆ ಹೊತ್ತಿಗೆ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ, ಅನ್ನಬೇಕಿತ್ತು ಎಂದು ಬಹಳ ಹೊತ್ತು ಅನ್ನಿಸುತ್ತಲೇ ಇತ್ತು.

ದಸರೆಯ ನಂತರದ ರವಿವಾರ ಟೇಕಬಹಾದೂರ ಎಂದಿನಂತೆ ಬಂದ. ಚಹಾ ಮುಟ್ಟದೆ, ಅಂಗಿಯ ಕಿಸೆಯಿಂದ ಮಡಚಿದ ಎರಡು ಹಾಳೆ ತೆಗೆದು ಕಟ್ಟೆಯ ಮೇಲಿಟ್ಟ.

"ಒಬ್ಬಾಂವ ಸಿಕ್ಕಾನ," ಎಂದ. "ಸುಜನ್ ಇಲ್ಲೇ ದಾಂಡೇಲ್ಯಾಗ ಹುಟ್ಟ್ಯಾನ ಅಂತ ಕಾಗದಾ ಮಾಡಿ ಕೊಡ್ತಾನಂತ. ಹಿಂದೂಸ್ತಾನದ ಗೂರ್ಖಾ ಅಂತ ಆದ್ರ ಭರ್ತಿಗೆ ನೇಪಾಳದ ಅಪ್ಪಣಿ ಬೇಕಿಲ್ಲ. ನಾಕ ವರ್ಷರ ನಾಕ ವರ್ಷ. ಪಲ್ಟನ್ ಒಳಗ ಕಾಲಿಡ್ಲಿ."

"ಅಂವ ನೇಪಾಳದಾಗ ಹುಟ್ಟಿದಾಂವ ಅಲ್ಲೇನು ದಾಜು?"

"ಹೌದು. ಅದಕ್ಕ ಸಾಕ್ಷಿ ಬೇಕು. ನಿವೃತ್ತ ಸೈನಿಕ ಸಹಿ ಮಾಡಿದ್ರ ಯಾರೂ ಎರಡನೇ ಮಾತು ಕೇಳೂದಿಲ್ಲಂತ."

ಚನಬಸಪ್ಪ ಹಾಳೆ ಓದಿದ. ಸುಜನ್ ಹುಟ್ಟಿದ ದಿನ ತಾನು ದಾಂಡೇಲಿಯಲ್ಲಿದ್ದೆ, ಮಗುವನ್ನು ಕಣ್ಣಾರೆ ನೋಡಿದ್ದೇನೆ ಎಂದು ಅದರಲ್ಲಿ ಅವನ ಬಾಯಲ್ಲಿ ಬರೆಸಿದ್ದರು. ಎರಡು ಸಲ ಓದಿ, ಮಡಚಿ ಹಿಂದಕ್ಕಿಟ್ಟ.

"ಇದು ನನ್ನ ಕೈಲೆ ಆಗೂದಿಲ್ಲ."

"ಯಾಕ?"

"ಸುಳ್ಳ ಐತಿ. ನಾಳೆ ತನಿಖಿ ಆದ್ರ ಅಂವನ್ನ ಹೊರಗ ಹಾಕ್ತಾರ, ಜೇಲಿಗೆ ಕಳಸ್ತಾರ. ಹೊರಗಿನ ದೇಶದಾಂವ ಖೋಟಾ ಕಾಗದದ ಮ್ಯಾಲೆ ಸೈನ್ಯ ಹೊಕ್ಕಾನ ಅಂದ್ರ ಏನಂತಾರ ಗೊತ್ತೈತಿಲ್ಲೋ?"

"ಹೊರಗಿನ ದೇಶದಾಂವ," ಎಂದು ಟೇಕಬಹಾದೂರ ಮೆಲ್ಲಗೆ ತಿರುಗಿ ಅಂದ. "ನನ್ನಪ್ಪ ನಿಮ್ಮ ದೇಶಕ್ಕ ಕಾಲು ಕೊಟ್ಟ. ನಾ ಇಪ್ಪತ್ತೆರಡು ವರ್ಷ ಕೊಟ್ಟೆ. ಆವಾಗ ಯಾರೂ ನಂಗ ಕಾಗದಾ ಕೇಳಲಿಲ್ಲ, ಡಾಕ್ಟರ್ ಸಾಬ್."

"ಭರ್ತಿ ತಡದಿದ್ದು ನಿಮ್ಮ ಸರಕಾರ ಅಲ್ಲೇನು?"

"ಮಾತು ಬದಲ ಮಾಡಿದ್ದು ನಿಮ್ಮ ಸರಕಾರ."

ಒಳಗಿದ್ದ ಈರಕ್ಕ ಬಾಗಿಲಿಗೆ ಬಂದು ನಿಂತಳು. ಈ ಇಬ್ಬರ ಬಾಯಲ್ಲಿ 'ನಿಮ್ಮ' ಎಂಬ ಮಾತು ಬಂದದ್ದನ್ನು ಅವಳು ಅದೇ ಮೊದಲು ಕೇಳಿದ್ದು. ಟೇಕಬಹಾದೂರ ಹಾಳೆಗಳನ್ನು ಕಿಸೆಗೆ ಹಾಕಿಕೊಂಡು, ಅವಳಿಗೆ ತಲೆಬಾಗಿ, ನೋಯುವ ಮೊಣಕಾಲನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಹೋದ. ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನ ರವಿವಾರವೂ ಬರಲಿಲ್ಲ. ಸುಜನ್ ಮೈದಾನಕ್ಕೆ ಬರುವುದು ನಿಂತಿತು.

ದೀಪಾವಳಿ ಮುಗಿದ ವಾರ, ಒಂದು ಮಧ್ಯಾಹ್ನ ಮೂರೂವರೆಗೆ, ಮನಮಾಯಾ ಬಂದಳು. ಓಡುತ್ತ ಬಂದಿದ್ದಳು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಣ್ಣಾರ, ಸುಜನ್ ಹೋದ," ಎಂದಳು. "ಗೋವಾಕ್ಕ ಕೆಲಸಕ್ಕ ಹೊಂಟೇನಿ ಅಂತ ಮುಂಜಾನೆ ಹೋದ. ಈಗ ಅವನ ಗೆಳೆಯ ಬಂದು ಖರೇ ಹೇಳಿದ. ಗೋವಾ ಅಲ್ಲಂತ. ದಿಲ್ಲಿಗಂತ. ಅಲ್ಲಿಂದ ದುಬೈ. ಅಲ್ಲಿಂದ ರಶಿಯಾದ ಫೌಜು."

ಚನಬಸಪ್ಪ ಎದ್ದು ಅಂಗಿ ಹಾಕಿಕೊಂಡ. ಅಂಥ ಸುದ್ದಿ ಕೆಲವು ತಿಂಗಳಿಂದ ಹಳೆಯ ಸೈನಿಕರ ವಾಟ್ಸಾಪಿನಲ್ಲಿ ಬರುತ್ತಿತ್ತು. ಇಲ್ಲಿ ಭರ್ತಿ ನಿಂತ ಮೇಲೆ ನೇಪಾಳದ ಹುಡುಗರನ್ನು ಏಜೆಂಟರು ಪರದೇಶದ ಯುದ್ಧಕ್ಕೆ ಒಯ್ಯುತ್ತಿದ್ದಾರೆ, ಎರಡು ವಾರ ಕವಾಯತು ಮಾಡಿಸಿ ಮುಂಚೂಣಿಗೆ ದೂಡುತ್ತಿದ್ದಾರೆ ಎಂದು.

"ಯಾವ ಗಾಡಿ?"

"ಲೋಂಡಾದಾಗ ಹತ್ತತಾನಂತ. ಸಂಜೀಕ ಆರರ ಮ್ಯಾಲೆ. ಇವರು ಡ್ಯೂಟಿ ಮ್ಯಾಲೆ ಅದಾರ, ಫೋನ್ ತಗೀವಲ್ರು."

ಪಕ್ಕದ ಮನೆಯ ಲೋಕೇಶ ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ಜೀಪು ಓಡಿಸುತ್ತಿದ್ದ. ಚನಬಸಪ್ಪ ಅವನನ್ನು ಊಟದ ತಾಟಿನಿಂದ ಎಬ್ಬಿಸಿದ. ಲೋಕೇಶ ಕೈ ತೊಳೆದುಕೊಂಡು ಬಂದು, ಹಳಿಯಾಳದ ಮೇಲೆ ಹೋಗೋಣವೇ ಎಂದು ಕೇಳಿದ.

"ಬ್ಯಾಡ. ಅಳ್ನಾವರದ ರೇಲ್ವೆ ಗೇಟ್ ಹಾಕಿದ್ರ ಅಲ್ಲೇ ಕುಂದ್ರಬೇಕು. ಜೋಯಿಡಾ ಮ್ಯಾಲೆ ಹೋಗೂಣು."

ರಿಸಾರ್ಟಿನ ಗೇಟಿನಲ್ಲಿ ಟೇಕಬಹಾದೂರ ಜೀಪು ನೋಡಿ ಸೆಟೆದು ನಿಂತ. ಚನಬಸಪ್ಪ ಇಳಿಯದೆಯೇ ಎರಡು ಮಾತಲ್ಲಿ ವಿಷಯ ಹೇಳಿದ. ಟೇಕಬಹಾದೂರ ಟೋಪಿ ತೆಗೆದು ಗೇಟಿನ ಗೂಟಕ್ಕೆ ತಗುಲಿಸಿ, ಯಾರಿಗೂ ಹೇಳದೆ ಹಿಂದಿನ ಸೀಟು ಹತ್ತಿದ.

ಗಣೇಶಗುಡಿ ಬಂತು. ಸೂಪಾ ಅಣೆಕಟ್ಟಿನ ಕೆಳಗಿನ ತಿರುವಿನಲ್ಲಿ ಪ್ರವಾಸಿಗರ ಬಸ್ಸೊಂದು ಅಡ್ಡ ನಿಂತಿತ್ತು. ಫೋಟೋ ತೆಗೆಯಲು ಇಳಿದವರು ಹತ್ತುವವರೆಗೆ ಡ್ರೈವರ್ ಹಾರ್ನಿಗೆ ಕಿವಿಗೊಡಲಿಲ್ಲ. ಏಳು ನಿಮಿಷ ಹೋಯಿತು. ಚನಬಸಪ್ಪ ಕೈಗಡಿಯಾರ ನೋಡುತ್ತಿದ್ದ. ಹಿಂದಿನಿಂದ ಟೇಕಬಹಾದೂರನ ಉಸಿರು ಕೇಳುತ್ತಿತ್ತು.

ಜೋಯಿಡಾ ದಾಟಿದ ಮೇಲೆ ಟೇಕಬಹಾದೂರ ಬಾಯಿ ತೆರೆದ. "ನಿಂಗ ಖುಷಿ ಆಗಿರಬೇಕಲ್ಲ. ಈಗ ಅಂವ ಖೋಟಾ ಕಾಗದಾ ಮಾಡ್ಸೂದಿಲ್ಲ. ನೇಪಾಳದ ಪಾಸ್ಪೋರ್ಟ್ ಮ್ಯಾಲೇನ ಹೊಂಟಾನ."

ಲೋಕೇಶ ಕನ್ನಡಿಯಲ್ಲಿ ಒಮ್ಮೆ ನೋಡಿ ದೃಷ್ಟಿ ರಸ್ತೆಗೆ ಮರಳಿಸಿದ. ಚನಬಸಪ್ಪ ಮತ್ತೆ ಗಡಿಯಾರ ನೋಡಿದ. ಕರ್ನಲ್ ಸಾಹೇಬರ ಫೋನಿನ ವಿಷಯ ಅವನು ಇನ್ನೂ ಹೇಳಿರಲಿಲ್ಲ. ಆ ಡಿಸೆಂಬರಿನಲ್ಲೇ ಹೇಳಿದ್ದರೆ ಹುಡುಗ ಇಷ್ಟರಲ್ಲಿ ಬೇರೇನಾದರೂ ಹಿಡಿದಿರುತ್ತಿದ್ದ. ಖೋಟಾ ಕಾಗದ ಒಲ್ಲೆ ಎಂದವನು ತಾನು. ಹನ್ನೊಂದು ತಿಂಗಳು ಸುಳ್ಳು ಹೇಳಿದವನೂ ತಾನೇ. ಜಗಲಬೇಟ ಹೋಯಿತು, ರಾಮನಗರ ಹೋಯಿತು. ಕಾಡಿನೊಳಗೆ ಬೆಳಕು ಇಳಿಯುತ್ತಿತ್ತು.

ಲೋಂಡಾ ತಲುಪಿದಾಗ ರೈಲು ಪ್ಲಾಟ್‌ಫಾರ್ಮಿಗೆ ಬಂದು ನಿಂತಿತ್ತು. ಇಬ್ಬರೂ ಡಬ್ಬಿಯಿಂದ ಡಬ್ಬಿಗೆ ಕಿಟಕಿ ನೋಡುತ್ತ ಓಡಿದರು. ಇಂಜಿನ್ನಿನಿಂದ ನಾಲ್ಕನೆಯ ಡಬ್ಬಿಯಲ್ಲಿ ಸುಜನ್ ಸಿಕ್ಕ. ಎದುರಿಗೆ ಅವನದೇ ವಯಸ್ಸಿನ ಇಬ್ಬರು ನೇಪಾಳಿ ಹುಡುಗರು, ಗೋವಾದ ಹೋಟೆಲುಗಳಲ್ಲಿ ದುಡಿದವರು, ಕುಳಿತಿದ್ದರು. ಅಪ್ಪನನ್ನು ಕಂಡು ಸುಜನ್ ಏಳಲಿಲ್ಲ.

"ಇಳಿ," ಎಂದ ಟೇಕಬಹಾದೂರ ಕಿಟಕಿಯ ಸರಳು ಹಿಡಿದು.

"ಇಳದು ಏನ ಮಾಡ್ಲಿ? ಗೇಟಿಗೆ ನಿಂದ್ರಲಿ? ನಿನ್ನಂಗ?"

ಅಪ್ಪನ ಕೈ ಸರಳಿನಿಂದ ಜಾರಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತುಬಿಟ್ಟ. ರೈಲು ಸಿಳ್ಳು ಹಾಕಿತು.

"ದಾಜು, ಹತ್ತು," ಎಂದ ಚನಬಸಪ್ಪ.

"ನನ್ನ ಮಾತು ಮುಗೀತು. ಹೋಗವ್ನು ಹೋಗ್ಲಿ."

ರೈಲು ಅಲುಗಿತು. ಚನಬಸಪ್ಪ ಬಾಗಿಲ ಹಿಡಿಕೆ ಹಿಡಿದು ಮೇಲೆ ಹತ್ತಿದ. ಅರವತ್ತರ ಮೊಣಕಾಲು ಚುಳ್ಳೆಂದಿತು. ತಿರುಗಿ ನೋಡಿದರೆ ಟೇಕಬಹಾದೂರ ನಿಂತಲ್ಲೇ ನಿಂತಿದ್ದ. ಲೋಕೇಶ ಅವನ ಕಡೆ ಓಡಿ ಬರುತ್ತಿದ್ದ.

ಗಾಡಿ ಇನ್ನು ನಿಲ್ಲುವುದು ಬೆಳಗಾವಿಯಲ್ಲಿ, ಒಂದು ಗಂಟೆಯ ದಾರಿ. ಚನಬಸಪ್ಪ ಸುಜನ್‌ನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತು ಉಸಿರು ಸುಧಾರಿಸಿಕೊಂಡ. ಎದುರಿನವರಲ್ಲಿ ಒಬ್ಬ, ತೆಳ್ಳಗಿನ ಹುಡುಗ, ನೇಪಾಳಿಯಲ್ಲಿ ಇವನ್ಯಾರು ಎಂದು ಕೇಳಿದ. ಚನಬಸಪ್ಪ ನೇಪಾಳಿಯಲ್ಲೇ, ಇವನ ಕಾಕಾ ಎಂದು ಉತ್ತರ ಕೊಟ್ಟ ಮೇಲೆ ಅವರು ಸುಮ್ಮನಾದರು.

"ತಿಕೀಟು ಇಲ್ಲ ನಿಮ್ಮ ಹಂತೇಕ," ಎಂದ ಸುಜನ್ ಹೊರಗೆ ನೋಡುತ್ತ.

"ಬಂದ್ರ ದಂಡಾ ಕೊಡ್ತೇನಿ. ನೀ ಕೇಳು. ಮೊದಲ ನನ್ನ ತಪ್ಪು ಹೇಳ್ತೇನಿ. ಭರ್ತಿ ತೆರೆಯೂದಿಲ್ಲ ಅಂತ ನಂಗ ಒಂದ ವರ್ಷದ ಹಿಂದೇನ ಗೊತ್ತಿತ್ತು. ಕರ್ನಲ್ ಸಾಹೇಬ್ರು ಹೇಳಿದ್ರು. ನಾ ನಿಂಗ ಹೇಳಲಿಲ್ಲ."

ಸುಜನ್ ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಬರಲು ಕೂಡ ಸ್ವಲ್ಪ ಹೊತ್ತು ಹಿಡಿಯಿತು.

"ದಿನಾ ಓಡಿಸಿದ್ರಿ," ಎಂದ. "ಗೊತ್ತಿದ್ದೂ ಓಡಿಸಿದ್ರಿ. ಜ್ವರಾ ಬಂದಾಗೂ ಓಡಿಸಿದ್ರಿ."

"ಹೌದು."

"ಯಾಕ?"

"ನೀವು ಊರು ಬಿಟ್ಟು ಹೋಗ್ತೀರಿ ಅಂತ. ನಿಮ್ಮಪ್ಪ ಹೋಗ್ತಾನಂತ."

"ಹಂಗಿದ್ರ ಸಹಿ ಯಾಕ ಮಾಡಲಿಲ್ಲ? ಸುಳ್ಳ ನಿಮಗ ಬರ್ತೈತಲ್ಲ."

ಚನಬಸಪ್ಪ ಹೊರಗೆ ನೋಡಿದ. ಖಾನಾಪುರದ ಕಡೆಯ ಕಾಡು ಕಿಟಕಿಯಾಚೆ ಕಪ್ಪಾಗುತ್ತಿತ್ತು. ಉಳಿದದ್ದು ಮುಕ್ಕಾಲು ಗಂಟೆ. ಅವನ ಹತ್ತಿರ ಇನ್ನೊಂದೇ ಮಾತಿತ್ತು, ಮತ್ತು ಅದು ಅವನದಾಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದನ್ನು ಅವನು ಹೊತ್ತಿದ್ದ. ಹೇಳಲೋ ಬೇಡವೋ ಎಂದು ಅವನು ಎರಡು ಸಣ್ಣ ಸ್ಟೇಶನ್ನು ದಾಟುವವರೆಗೆ ಕುಳಿತ.

"ತೊಂಬತ್ತೊಂಬತ್ತರ ಯುದ್ಧದ ಕತಿ ನಿಂಗ ಭಾಳ ಸಲ ಹೇಳೇನಿ," ಎಂದು ಕೊನೆಗೆ ಶುರು ಮಾಡಿದ. "ಧನಬೀರನ ಕತಿ ಹೇಳಿಲ್ಲ."

"ಅಪ್ಪ ಹೇಳ್ಯಾನ. ನಮ್ಮೂರಾಂವ. ಗುಂಡು ತಾಗಿ ಅಲ್ಲೇ ಸತ್ತ."

"ಅಲ್ಲೇ ಸಾಯಲಿಲ್ಲ. ಅಲ್ಲೇ ಸತ್ತ ಅಂತ ಬರದಾಂವ ನಾ." ಚನಬಸಪ್ಪ ದನಿ ತಗ್ಗಿಸಿದ. "ಅವಂಗ ಇಪ್ಪತ್ತು. ನಿಮ್ಮಪ್ಪನೇ ಅವನ್ನ ಕೈ ಹಿಡದು ಭರ್ತಿಗೆ ಕರಕೊಂಡು ಬಂದಿದ್ದ. ಬಂಡಿಗಲ್ಲಿನ ಸಂದ್ಯಾಗ ನಾಕ ಮಂದಿ ಸಿಕ್ಕೊಂಡಿದ್ರು. ಮ್ಯಾಲೆ ಇಪ್ಪತ್ತು ಮಾರು ದೂರ ಶತ್ರು ಬಂಕರ್. ಧನಬೀರಗ ಹೊಟ್ಟಿಗೆ ತಾಗಿತ್ತು. ಹಗಲಿಡೀ ಹಂಗೇ ಇದ್ದ. ಅವ್ವನ್ನ ಕರ್ಯಾಕ ಹತ್ತಿದ. ದನಿ ಮ್ಯಾಲೆ ಕೇಳಿದ್ರ ನಾಕೂ ಮಂದಿ ಹೋಗ್ತಿದ್ರು. ನಿಮ್ಮಪ್ಪ ಅವನ ಬಾಯಿ ಮ್ಯಾಲೆ ಕೈ ಇಟ್ಟ."

ಸುಜನ್ ಅಲುಗಾಡಲಿಲ್ಲ. ಎದುರಿನ ತೆಳ್ಳಗಿನ ಹುಡುಗ ಗೋವಾದಲ್ಲಿ ಕೊಂಕಣಿ, ಕನ್ನಡ ಎರಡೂ ಕೇಳಿ ಬಲ್ಲವನಿರಬೇಕು. ಅವನೂ ಮುಂದೆ ಬಾಗಿ ಕೇಳುತ್ತಿದ್ದ.

"ಕತ್ತಲಾದ ಮ್ಯಾಲೆ ನಾ ತೆವಳಕೊಂಡು ಹೋಗಿ ಮುಟ್ಟಿದೆ. ಹುಡುಗ ತಣ್ಣಗಾಗಿದ್ದ. ನಿಮ್ಮಪ್ಪನ ಕೈ ಇನ್ನೂ ಅಲ್ಲೇ ಇತ್ತು. ಬೆರಳು ನಾನ ಬಿಡಿಸಿದೆ, ಒಂದೊಂದ."

"ಅಪ್ಪನೇ..." ಎಂದು ಸುಜನ್ ನಿಲ್ಲಿಸಿದ.

"ಗೊತ್ತಿಲ್ಲ. ಗಾಯದಿಂದ ಹೋದ್ನೋ, ಉಸಿರು ಕಟ್ಟಿ ಹೋದ್ನೋ, ನಂಗೂ ಗೊತ್ತಿಲ್ಲ, ಅವಂಗೂ ಗೊತ್ತಿಲ್ಲ. ಅದನ್ನ ಹೊತಗೊಂಡ ಅಂವ ದಿನಾ ಗೇಟಿಗೆ ನಿಂದ್ರತಾನ."

ರೈಲು ಸೇತುವೆಯೊಂದರ ಮೇಲೆ ಸದ್ದು ಮಾಡುತ್ತ ಹಾಯಿತು. ಚನಬಸಪ್ಪ ಅದು ಮುಗಿಯುವವರೆಗೆ ಕಾದ.

"ಮೂರನೇ ದಿನ ಹೆಣಾ ಕೆಳಗ ತಂದ್ವಿ. ಊರು ಮುಟ್ಟಿಸಿದ್ವಿ. ಅಫೀಸರ್ ಹೋಗಿ ಅವರವ್ವನ ಮುಂದ ಟೋಪಿ ತಗದು ನಿಂತ. ಅಕೀಗೆ ಇವತ್ತಿಗೂ ಪೆನ್ಶನ್ ಐತಿ. ಯಾಕಂದ್ರ ಎರಡು ದೇಶದ ನಡುವ ಒಂದ ಮಾತಿತ್ತು. ನೀ ಹೊಂಟಲ್ಲೆ ಯಾರ ಮಾತೂ ಇಲ್ಲ. ಅಲ್ಲೆ ಬಿದ್ರ ನಿನ್ನ ಯಾರು ಕೆಳಗ ತರ್ತಾರ? ಮನಮಾಯಾಗ ಯಾರು ಬಂದು ಹೇಳ್ತಾರ?"

"ಆ ಮಾತು ಮುರದೈತಲ್ಲ ಕಾಕಾ," ಎಂದ ಸುಜನ್. ದನಿ ಒಡೆದಿತ್ತು. "ಅದು ಇದ್ದಿದ್ರ ನಾ ಯಾಕ ಈ ಗಾಡಿ ಹತ್ತತಿದ್ದೆ?"

"ಮುರದೈತಿ," ಎಂದು ಚನಬಸಪ್ಪ ಒಪ್ಪಿಕೊಂಡ.

ಬೆಳಗಾವಿ ಬಂದಿತು. ಚನಬಸಪ್ಪ ಎದ್ದ. ಹುಡುಗನ ಕೈ ಹಿಡಿದು ಎಳೆಯಬೇಕೆನ್ನಿಸಿತು. ಎಳೆದರೆ ಅವನು ನಾಳೆ ಇನ್ನೊಂದು ಗಾಡಿ ಹತ್ತುತ್ತಾನೆ ಎಂದೂ ಅನ್ನಿಸಿತು. ಒಬ್ಬನೇ ಇಳಿದು, ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು, ಬಾಗಿಲು ನೋಡುತ್ತ ನಿಂತ. ಜನ ಹತ್ತಿದರು, ಇಳಿದರು. ಒಂದು ನಿಮಿಷ, ಎರಡು, ಮೂರು. ಸಿಗ್ನಲ್ ಹಸಿರಾಯಿತು.

ಸುಜನ್ ಬಾಗಿಲಿಗೆ ಬಂದ. ಕೈಯಲ್ಲಿ ಖಾಲಿ ಬಾಟಲಿ ಇತ್ತು. ನೀರು ತರುತ್ತೇನೆಂದು ಗೆಳೆಯರಿಗೆ ಹೇಳಿ ಬಂದಿದ್ದ. ನಲ್ಲಿಯವರೆಗೆ ನಡೆದ, ಬಾಟಲಿ ಹಿಡಿದ, ತುಂಬಿಸಿದ. ರೈಲು ಚಲಿಸತೊಡಗಿದಾಗ ಅವನು ನಲ್ಲಿಯ ಮುಂದೆಯೇ ನಿಂತಿದ್ದ. ಬಾಟಲಿ ತುಂಬಿ ನೀರು ಕೈಮೇಲೆ ಹರಿಯುತ್ತಿತ್ತು. ಕಿಟಕಿಯಿಂದ ತೆಳ್ಳಗಿನ ಹುಡುಗ ಅವನ ಹೆಸರು ಕೂಗಿದ. ಕೊನೆಯ ಡಬ್ಬಿ ದಾಟುವವರೆಗೂ ಸುಜನ್ ತಿರುಗಲಿಲ್ಲ. ಬಟ್ಟೆಯ ಬ್ಯಾಗು ದಿಲ್ಲಿಗೆ ಹೋಯಿತು.

ಚನಬಸಪ್ಪ ಲೋಕೇಶನಿಗೆ ಫೋನು ಮಾಡಿದ ಮೇಲೆ ಇಬ್ಬರೂ ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತರು. ಒಂದೂವರೆ ತಾಸಿನ ಮೇಲೆ ಲೋಕೇಶನ ಜೀಪು ಬಂತು. ಟೇಕಬಹಾದೂರ ಮಗನ ಮುಂದೆ ಬಂದು ನಿಂತು, ಅವನ ತಲೆಯ ಮೇಲೆ ಕೈಯಿಟ್ಟ. ಸುಜನ್ ಆ ಕೈಯನ್ನು ನೋಡಿದ. ತೆಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು, ಹಣೆಗೆ ಒತ್ತಿ ಅತ್ತ.

ಟೇಕಬಹಾದೂರ ನಿಧಾನವಾಗಿ ಚನಬಸಪ್ಪನ ಕಡೆ ತಿರುಗಿದ. ಮಗ ಯಾಕೆ ಆ ಕೈಯನ್ನೇ ಹಿಡಿದು ಅಳುತ್ತಿದ್ದಾನೆಂದು ಅವನಿಗೆ ತಿಳಿಯಿತು.

"ಹೇಳಿದಿ," ಎಂದ.

"ಹೇಳಿದೆ, ದಾಜು."

"ಅದು ನಂದಿತ್ತು."

ಅಷ್ಟೇ ಮಾತು. ಮರಳುವ ದಾರಿಯಲ್ಲಿ ಟೇಕಬಹಾದೂರ ಮುಂದಿನ ಸೀಟಿನಲ್ಲಿ ಕುಳಿತು ಹೊರಗೆ ನೋಡುತ್ತಿದ್ದ. ಹಿಂದೆ ಕುಳಿತ ಚನಬಸಪ್ಪ ಕರ್ನಲ್ ಸಾಹೇಬರ ಫೋನಿನ ವಿಷಯವನ್ನೂ ಅವನಿಗೆ ಹೇಳಿದ. ಟೇಕಬಹಾದೂರ ತಲೆಯಾಡಿಸಿದ, ತಿರುಗಲಿಲ್ಲ.

ಜನವರಿ ಮೊದಲ ವಾರ ಆ ಕುಟುಂಬ ದಾಂಡೇಲಿ ಬಿಟ್ಟಿತು. ಮನಮಾಯಾ ಈರಕ್ಕನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಹುಬ್ಬಳ್ಳಿಯ ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಚನಬಸಪ್ಪ ಟ್ರಂಕುಗಳನ್ನು ಮೇಲೆ ಹಾಕಿಸಿ ಬಂದು ಟೇಕಬಹಾದೂರನ ಎದುರು ನಿಂತ.

"ಇಲ್ಲೇ ಇರಬಹುದಿತ್ತು," ಎಂದ.

"ಇಲ್ಲೆ ನಾ ಯಾರು ಅಂತ ನಂಗ ಗೊತ್ತಾಗವಲ್ದು." ಟೇಕಬಹಾದೂರನ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಗನ್ನ ಉಳಿಸಿದಿ. ಅದಕ್ಕ ಕೈ ಮುಗೀತೇನಿ. ನೀ ಹೇಳದಿದ್ರ ಅಂವ ಇಳೀತಿದ್ದಿಲ್ಲ, ಅದೂ ಗೊತ್ತೈತಿ. ಆದ್ರ ಈಗ ಅಂವ ನನ್ನ ಕೈ ನೋಡ್ತಾನ. ಉಣ್ಣುವಾಗ ನೋಡ್ತಾನ. ನಿನ್ನ ಮುಂದ ಕುಂತು ನಾ ಇನ್ನ ಚಾ ಕುಡಿಯಾಕ ಆಗೂದಿಲ್ಲ, ಡಾಕ್ಟರ್ ಸಾಬ್."

ಚನಬಸಪ್ಪ ಕೈ ಚಾಚಿದ. ಟೇಕಬಹಾದೂರ ಕೈ ಕೊಡಲಿಲ್ಲ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ, ಗುರುತಿಲ್ಲದವರಿಗೆ ಮಾಡುವಂತೆ, ಮತ್ತು ಬಸ್ಸು ಹತ್ತಿದ. ಸುಜನ್ ಮಾತ್ರ ಬಾಗಿ ಚನಬಸಪ್ಪನ ಕಾಲು ಮುಟ್ಟಿ ಹೋದ.

ಮರುದಿನ ಚನಬಸಪ್ಪ ಮೈದಾನಕ್ಕೆ ಹೋದ. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಓಡಿಸುವ ಮೊದಲು, ಯಾರಿಗೆ ವಯಸ್ಸು ಮೀರುತ್ತಿದೆ, ಯಾರ ಎತ್ತರ ಸಾಲದು, ಯಾರ ಕಣ್ಣು ಸರಿಯಿಲ್ಲ ಎಂದು ಒಬ್ಬೊಬ್ಬರಿಗೇ ಹೇಳಿದ. ಇಬ್ಬರು ಅವತ್ತೇ ಮನೆಗೆ ಹೋಗಿ ಮತ್ತೆ ಬರಲಿಲ್ಲ. ಅವರ ಮನೆಯವರು ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸಿದರು. ಅವನು ಹೇಳುವುದನ್ನು ನಿಲ್ಲಿಸಲಿಲ್ಲ.

ಮಳೆಗಾಲ ಶುರುವಾದ ಮೇಲೆ ಸುಜನ್ ಫೋನು ಮಾಡಿದ. ನೇಪಾಳದಲ್ಲಿ ಒಂದು ಹೊಳೆಯ ಮೇಲೆ ರಾಫ್ಟ್ ನಡೆಸುವ ಕೆಲಸ ಸಿಕ್ಕಿದೆ ಎಂದ. ಬೆಳಗಾವಿಯಲ್ಲಿ ಇಳಿಯದೆ ಮುಂದೆ ಹೋದ ಆ ತೆಳ್ಳಗಿನ ಹುಡುಗನಿಂದ ಮೂರು ತಿಂಗಳಿಂದ ಸುದ್ದಿಯಿಲ್ಲ, ಅವನ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ ಎಂದ.

"ನಿಮ್ಮಪ್ಪ ಹೆಂಗದಾನ?" ಎಂದು ಚನಬಸಪ್ಪ ಕೇಳಿದ.

"ಅರಾಮ ಅದಾನ, ಕಾಕಾ. ಇಲ್ಲೇ ಬಾಜೂಕ ಕುಂತಾನ."

ಚನಬಸಪ್ಪ ಕಾದ. ಆ ಕಡೆ ಸುಜನ್ ಏನೋ ನೇಪಾಳಿಯಲ್ಲಿ ಹೇಳಿದ್ದು ಕೇಳಿಸಿತು. ಉತ್ತರ ಕೇಳಿಸಲಿಲ್ಲ. ಆಮೇಲೆ ಕುರ್ಚಿ ಸರಿದ ಸದ್ದು, ಬಾಗಿಲು ತೆರೆದ ಸದ್ದು.

"ಹೊರಗ ಹೋದ, ಕಾಕಾ," ಎಂದ ಸುಜನ್.

"ಇರ್ಲಿ," ಎಂದ ಚನಬಸಪ್ಪ. "ಅವಂಗ ಮೊಣಕಾಲ ನೋವು ಇತ್ತಲ್ಲ, ಚಳಿಗಾಲದಾಗ ಬೆಚ್ಚಗ ಕಟ್ಟಾಕ ಹೇಳು. ನಾ ಹೇಳ್ದೆ ಅಂತ ಹೇಳಬ್ಯಾಡ."